ಉಸಿರನ್ನೇ ನಂಬಿದ ವೈದ್ಯ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಹೆಬ್ಬಾಳವನ್ನು ದಾಟಿ, ಅಲ್ಲಾಳಸಂದ್ರದ ಮಗ್ಗುಲಲ್ಲಿ ಹಾದು, ಚಿಕ್ಕಬಳ್ಳಾಪುರದ ಬೆಟ್ಟಗಳನ್ನು ಹಿಂದಿಟ್ಟು, ಅನಂತಪುರ ಕರ್ನೂಲುಗಳ ಬಯಲಿನಲ್ಲಿ ಸಾಗಿ ಕೊನೆಗೆ ಹೈದರಾಬಾದನ್ನು ಮುಟ್ಟುತ್ತದೆ. ಅಲ್ಲಾಳಸಂದ್ರದ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಕೆರೆ, ತೋಟ, ರಾಗಿಯ ಹೊಲಗಳೇ ಕಣ್ಣಿಗೆ ಬೀಳುತ್ತಿದ್ದವು. ಈಗ ಆ ದಾರಿಯ ಎಡಬಲಗಳಲ್ಲಿ ಆಸ್ಪತ್ರೆಗಳು ತಲೆಯೆತ್ತಿವೆ. ಅಂಥ ಯಾವುದೇ ಆಸ್ಪತ್ರೆಯಲ್ಲಿ ಮೆಳ್ಳಗಣ್ಣನ್ನು ಸರಿಪಡಿಸುವುದಕ್ಕಾಗಿ ಒಂದು ಮಗುವನ್ನು ಮೇಜಿನ ಮೇಲೆ ಮಲಗಿಸಿದರೆನ್ನಿ. ಶಸ್ತ್ರವೈದ್ಯರ ದೃಷ್ಟಿ ಕಣ್ಣಿನ ಮೇಲಿದ್ದರೆ, ಅರಿವಳಿಕೆ ಕೊಟ್ಟ ವೈದ್ಯರ ದೃಷ್ಟಿ ಹೃದಯದ ಮಿಡಿತವನ್ನು ಎಣಿಸುವ ಯಂತ್ರದ ಮೇಲಿರುತ್ತದೆ. ಕಣ್ಣಿನ ಸ್ನಾಯುವಿಗೆ ಕೊಕ್ಕೆ ಹಾಕಿ ಎಳೆದ ಕ್ಷಣದಲ್ಲೇ ಆ ಮಿಡಿತ ತಟ್ಟನೆ ಕುಗ್ಗುವುದುಂಟು. ಒಮ್ಮೊಮ್ಮೆ ಒಂದೆರಡು ಮಿಡಿತ ತಪ್ಪಿಯೇ ಹೋಗುವುದೂ ಉಂಟು. ಆಗ ಅರಿವಳಿಕೆಯ ವೈದ್ಯರು ಕೈ ತಡೆಯುವಂತೆ ಹೇಳುತ್ತಾರೆ. ಎಳೆತ ಸಡಿಲವಾದೊಡನೆ ಹೃದಯ ಬಹುಮಟ್ಟಿಗೆ ತನ್ನ ಗತಿಗೆ ತಾನೇ ಮರಳುತ್ತದೆ. ಮರಳದಿದ್ದರೆ ಅಟ್ರೊಪಿನ್ ಎಂಬ ಔಷಧ ಸಿದ್ಧವಾಗಿರುತ್ತದೆ.

ಕಣ್ಣಿಗೂ ಹೃದಯಕ್ಕೂ ಸಂಬಂಧವುಂಟೆಂಬುದು ಕವಿಗಳಿಗೆ ಹೊಸ ಮಾತಲ್ಲ. ಶರೀರಶಾಸ್ತ್ರಜ್ಞರು ಅದನ್ನು ಅರಿತದ್ದು ತಡವಾಗಿ. ಮುಖದ ಚರ್ಮ, ಕಣ್ಣು, ಮೂಗಿನ ಒಳಪೊರೆ, ಹಲ್ಲು, ದವಡೆ ಇವೆಲ್ಲದರ ನೋವು ಸ್ಪರ್ಶಗಳನ್ನು ಮಿದುಳಿಗೆ ಮುಟ್ಟಿಸುವುದು ಮೂರು ಕವಲಾಗಿ ಹರಡಿದ ಐದನೆಯ ಕಪಾಲನರ. ಅದನ್ನು ತ್ರಿಶಾಖಾ ನರವೆನ್ನೋಣ. ಮಿದುಳಿನ ಬುಡದಲ್ಲಿ ಅದರ ಸುದ್ದಿ ಇನ್ನೊಂದು ನರದ ನೆಲೆಗೆ ದಾಟುತ್ತದೆ. ಆ ಇನ್ನೊಂದು, ತಲೆಯಿಂದ ಹೊರಟು ಎದೆ ಹೊಟ್ಟೆಗಳವರೆಗೆ ಅಲೆಯುವ ವೇಗಸ್ ನರ. ಅದನ್ನು ಕೆರಳಿಸಿದರೆ ಹೃದಯ ನಿಧಾನಿಸುತ್ತದೆಯೆಂದು ಜರ್ಮನಿಯ ವೇಬರ್ ಸೋದರರು 1845ರಲ್ಲಿ ತೋರಿಸಿಕೊಟ್ಟರು. ಮೊಲದ ಮೂಗಿಗೆ ತಂಬಾಕಿನ ಹೊಗೆಯನ್ನೋ ಕ್ಲೋರೋಫಾರಂನಂಥ ತೀಕ್ಷ್ಣವಾದ ಆವಿಯನ್ನೋ ಹಿಡಿದರೆ ಅದರ ಉಸಿರು ಕಟ್ಟಿ ಹೃದಯ ಕುಂದುತ್ತದೆಂಬುದನ್ನು 1870ರಲ್ಲಿ ಕ್ರಾಚ್‌ಮರ್ ಎಂಬಾತ ಕಂಡನು. ಮುಖದಲ್ಲಿ ತಟ್ಟಿದ್ದು ಎದೆಯಲ್ಲಿ ಮಾರ್ದನಿಗೊಡುತ್ತದೆ. ಮನಸ್ಸಿನ ಅಪ್ಪಣೆ ಅದಕ್ಕೆ ಬೇಕಿಲ್ಲ.

ಈ ಮಾರ್ದನಿ ಮನುಷ್ಯನಿಗೆ ಶತ್ರುವೋ ಮಿತ್ರನೋ ಎಂಬ ಪ್ರಶ್ನೆಯನ್ನು ನಮ್ಮ ಈ ದಾರಿಯ ಇನ್ನೊಂದು ತುದಿಯಲ್ಲಿ, ಹೈದರಾಬಾದಿನಲ್ಲಿ, 1889ರಲ್ಲಿ ಪ್ರಯೋಗಕ್ಕೊಡ್ಡಿದ ವೈದ್ಯರೊಬ್ಬರಿದ್ದರು. ಅರಿವಳಿಕೆಯ ಚರಿತ್ರೆಯನ್ನು ಓದಿದವರಿಗೆಲ್ಲ ಅವರ ಹೆಸರು ಪರಿಚಿತ: ಎಡ್ವರ್ಡ್ ಲೌರಿ. ಅವರ ಬಾಳು ಗೆಲವಿನ ಕಥೆಯಲ್ಲ. ಬರಿಯ ಸೋಲಿನ ಕಥೆಯೂ ಅಲ್ಲ. ಅರ್ಧ ಸತ್ಯವನ್ನು ಪೂರ್ಣ ಶ್ರದ್ಧೆಯಿಂದ ಹಿಡಿದ ಮನುಷ್ಯನೊಬ್ಬನ ಕಥೆ.

ಲೌರಿ ಹುಟ್ಟಿದ್ದು 1846ರಲ್ಲಿ. ಅದರ ಮರುವರ್ಷವೇ, 1847ರ ನವೆಂಬರಿನಲ್ಲಿ, ಎಡಿನ್‌ಬರೋ ನಗರದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂನ ಗುಣವನ್ನು ಲೋಕಕ್ಕೆ ಸಾರಿದರು. ಆವರೆಗೆ ಶಸ್ತ್ರಕ್ರಿಯೆಯೆಂದರೆ ನಾಲ್ವರು ಬಲಶಾಲಿಗಳು ಹಿಡಿದುಕೊಂಡಿರಲು ನಡೆಯುತ್ತಿದ್ದ ಘೋರ ಕೃತ್ಯ. ಒಂದು ಬಟ್ಟೆಯ ಮೇಲೆ ನಾಲ್ಕು ಹನಿ ಸುರಿದು ಮೂಗಿಗೆ ಹಿಡಿದರೆ ನೋವೇ ಇಲ್ಲವೆಂಬುದು ಜನಕ್ಕೆ ದೇವರ ವರದಂತೆ ಕಂಡಿತು. ಆದರೆ ವರದ ಬೆನ್ನಿಗೇ ಶಾಪವೂ ಬಂತು. 1848ರ ಜನವರಿ 28ರಂದು ನ್ಯೂಕ್ಯಾಸಲ್ ಬಳಿಯ ವಿನ್ಲೇಟನ್ ಗ್ರಾಮದಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಲೆಂದು ಕ್ಲೋರೋಫಾರಂ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಆಕೆ ತೀರಿಹೋದಳು. ಆಮೇಲೆ ಅಂಥ ಸುದ್ದಿಗಳು ಒಂದೊಂದಾಗಿ ಬರತೊಡಗಿದವು. ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಬದುಕಿದವರುಂಟು. ಹಲ್ಲು ಕೀಳಿಸಿಕೊಳ್ಳಲು ಹೋದವರು, ಕಣ್ಣಿನ ಸಣ್ಣ ಚಿಕಿತ್ಸೆಗೆ ಕೂತವರು ಸತ್ತರು. ಇದೇ ಎಲ್ಲಕ್ಕಿಂತ ದಿಗ್ಭ್ರಮೆ ಹುಟ್ಟಿಸಿದ ಸಂಗತಿ.

ಏಕೆ ಸತ್ತರು? ಈ ಪ್ರಶ್ನೆಗೆ ಎರಡು ಪಂಥಗಳು ಎರಡು ಉತ್ತರ ಕೊಟ್ಟವು. ಹೃದಯವೇ ಮೊದಲು ನಿಲ್ಲಬಹುದು, ಆದುದರಿಂದ ನಾಡಿಯ ಮೇಲೆ ಬೆರಳಿರಬೇಕು ಎಂದಿತು ಲಂಡನ್ನಿನ ಪಂಥ. ಎಡಿನ್‌ಬರೋದ ಶಸ್ತ್ರಗುರು ಜೇಮ್ಸ್ ಸೈಮ್ ಅವರ ಪಂಥಕ್ಕೆ ನಾಡಿ ಬೇಡ; ಉಸಿರಾಟವನ್ನು ಗಮನಿಸಿದರೆ ಸಾಕು. ಉಸಿರು ಸರಾಗವಾಗಿರುವವರೆಗೆ ರೋಗಿಗೆ ಭಯವಿಲ್ಲ. ಉಸಿರು ಕೆಟ್ಟ ಮೇಲೆ ಹೃದಯ ಕೆಟ್ಟೀತೇ ಹೊರತು ಅದಕ್ಕೆ ಮೊದಲಲ್ಲ. ಯುವಕ ಲೌರಿ ವೈದ್ಯವಿದ್ಯೆಯನ್ನು ಕಲಿತದ್ದು ಈ ಎಡಿನ್‌ಬರೋದಲ್ಲಿ, ಈ ಸೈಮ್ ಅವರ ನೆರಳಿನಲ್ಲಿ. ಗುರುವಿನಿಂದ ಪಡೆದ ಆ ಒಂದು ಸೂತ್ರವನ್ನು ಅವರು ಬಾಳಿನ ಕೊನೆಯವರೆಗೂ ಸಡಿಲಗೊಡಲಿಲ್ಲ.

ಭಾರತದ ಸೇನಾ ವೈದ್ಯಶಾಖೆಗೆ ಸೇರಿ ಬಂದ ಲೌರಿ ಲಾಹೋರಿನಲ್ಲಿ ಶಸ್ತ್ರವಿದ್ಯೆಯ ಅಧ್ಯಾಪಕರಾಗಿದ್ದು, 1885ರ ಹೊತ್ತಿಗೆ ಹೈದರಾಬಾದಿಗೆ ಬಂದರು. ಅಲ್ಲಿ ಅವರು ಬ್ರಿಟಿಷ್ ರೆಸಿಡೆನ್ಸಿಯ ವೈದ್ಯರು. ಜೊತೆಗೆ 1846ರಲ್ಲಿ ಸ್ಥಾಪಿತವಾಗಿದ್ದ ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥರು. ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆ ಅವರ ಕಾರ್ಯಕ್ಷೇತ್ರವಾಯಿತು. ಆಗ ನಿಜಾಮ್ ಪಟ್ಟದಲ್ಲಿದ್ದವರು ಆರನೆಯವರಾದ ಮೀರ್ ಮಹಬೂಬ್ ಅಲಿ ಖಾನ್. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಆ ಸಂಸ್ಥಾನಕ್ಕೆ ಸೇರಿದ್ದವೆಂಬುದನ್ನು ವಾಚಕರು ಮರೆಯಲಾರರು. ಕನ್ನಡ ನಾಡಿನ ಈಶಾನ್ಯ ಭಾಗಕ್ಕೆ 1956ರವರೆಗೆ ಹೈದರಾಬಾದೇ ರಾಜಧಾನಿ.

ಲೌರಿ ಸ್ವಭಾವತಃ ಗುರು. ವೈದ್ಯಶಾಲೆಯ ಪಾಠಗಳು ಅವರ ಕಾಲದಲ್ಲಿ ಉರ್ದುವಿನಿಂದ ಇಂಗ್ಲಿಷಿಗೆ ತಿರುಗಿದವು. 1885ರಲ್ಲಿ ಸ್ತ್ರೀಯರಿಗೂ ಶಾಲೆಯ ಬಾಗಿಲು ತೆರೆಯಿತು. ದೇಶದ ಬಹುಭಾಗದಲ್ಲಿ ಹೆಣ್ಣುಮಕ್ಕಳ ಓದೇ ಚರ್ಚೆಯ ವಿಷಯವಾಗಿದ್ದ ದಿನಗಳು ಅವು. ಆಗ ಸೇರಿದವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಯುವತಿ ಒಬ್ಬರು. ಕ್ಲೋರೋಫಾರಂ ಕೊಡುವ ಕಲೆಯನ್ನು ಲೌರಿಯವರ ಶಾಲೆಯಲ್ಲಿ ಕಲಿತ ಆಕೆ 1889ರಿಂದ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಅದನ್ನೇ ವೃತ್ತಿಯನ್ನಾಗಿ ನಡೆಸಿದರು. 1909ರಲ್ಲಿ ಹೆಚ್ಚಿನ ಓದಿಗಾಗಿ ಎಡಿನ್‌ಬರೋಗೂ ಹೋಗಿಬಂದರು. ಅರಿವಳಿಕೆಯ ಶಾಸ್ತ್ರದಲ್ಲಿ ಭಾರತದ ಮೊದಲ ಮಹಿಳೆಯೆಂದು ಇಂದು ಅವರನ್ನು ನೆನೆಯುತ್ತಾರೆ.

ಲೌರಿಯವರ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ನಿಯಮ ಒಂದೇ. ಕ್ಲೋರೋಫಾರಂ ಕೊಡುವ ವಿದ್ಯಾರ್ಥಿ ನಾಡಿಯನ್ನು ಮುಟ್ಟಕೂಡದು. ಮುಟ್ಟಿದರೆ ಅವನ ಮನಸ್ಸು ಎರಡಾಗುತ್ತದೆ. ಎರಡಾದ ಮನಸ್ಸು ಉಸಿರಿನ ಏರುಪೇರನ್ನು ತಪ್ಪಿಸಿಕೊಳ್ಳುತ್ತದೆ. ರೋಗಿ ಅಂಗಾತ ಮಲಗಿರಬೇಕು, ಕೊರಳು ಎದೆಗಳಲ್ಲಿ ಬಿಗಿಯಾದ ಉಡುಪಿರಕೂಡದು, ಗಾಳಿ ಧಾರಾಳವಾಗಿ ಆಡುವಂತೆ ಬಟ್ಟೆಯ ಕುಲಾವಿಯ ಮೂಲಕ ಆವಿಯನ್ನು ಕೊಡಬೇಕು. ಕಣ್ಣಿನ ಕರಿಗುಡ್ಡೆಯನ್ನು ಮುಟ್ಟಿದರೂ ರೆಪ್ಪೆ ಮಿಟುಕದಷ್ಟು ಮೈಮರೆವು ಕವಿದ ಮೇಲೆಯೇ ಕತ್ತಿ ಹಿಡಿಯಬೇಕು. ಈ ಕಟ್ಟುಪಾಡಿನಲ್ಲಿ ಸಾವಿರಾರು ಶಸ್ತ್ರಕ್ರಿಯೆಗಳು ಸುಸೂತ್ರವಾಗಿ ನಡೆದುವು. ಕಣ್ಣಾರೆ ಕಂಡ ಈ ಯಶಸ್ಸು ಲೌರಿಯವರ ನಂಬಿಕೆಯನ್ನು ಕಲ್ಲಾಗಿಸಿತು.

ನಂಬಿಕೆಯೊಂದೇ ಸಾಲದು, ಪ್ರಮಾಣ ಬೇಕೆಂದು ಅವರೇ ಬಯಸಿದರು. ನಿಜಾಮರ ಸರ್ಕಾರದ ಬೆಂಬಲದಿಂದ 1888ರಲ್ಲಿ ಮೊದಲ ಕ್ಲೋರೋಫಾರಂ ಆಯೋಗ ಕೂತಿತು. ನಾಯಿಗಳಿಗೆ ಕ್ಲೋರೋಫಾರಂ ಕೊಟ್ಟು ಸಾಯುವ ಕ್ರಮವನ್ನು ಗಮನಿಸಿ, ಉಸಿರು ನಿಲ್ಲುವ ಮೊದಲು ಹೃದಯ ನಿಲ್ಲುವುದಿಲ್ಲವೆಂದು ಅದು ತೀರ್ಮಾನಿಸಿತು. 1889ರ ಆರಂಭದಲ್ಲಿ ವೈದ್ಯಶಾಲೆಯ ಬಹುಮಾನ ಹಂಚುವ ಸಮಾರಂಭಕ್ಕೆ ವಿಕ್ಟೋರಿಯ ರಾಣಿಯ ಮಗನಾದ ಕನಾಟಿನ ಡ್ಯೂಕ್ ಬಂದಿದ್ದಾಗ ಲೌರಿ ಈ ತೀರ್ಮಾನವನ್ನು ಸಭೆಯಲ್ಲಿ ಘೋಷಿಸಿದರು. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್ ಅದನ್ನು ಒಪ್ಪಲಿಲ್ಲ. ಕಚ್ಚಾ ಪ್ರಯೋಗಗಳಿಂದ ಇಷ್ಟು ದೊಡ್ಡ ಮಾತನ್ನಾಡಬಹುದೇ ಎಂಬುದು ಅದರ ಆಕ್ಷೇಪದ ತಿರುಳು.

ಇನ್ನೊಬ್ಬರಾಗಿದ್ದರೆ ಪತ್ರಿಕೆಗೆ ಒಂದು ಕಟುವಾದ ಉತ್ತರ ಬರೆದು ಸುಮ್ಮನಾಗುತ್ತಿದ್ದರು. ಲೌರಿ ಮಾಡಿದ್ದು ಬೇರೆ. ಪತ್ರಿಕೆಯೇ ತನ್ನ ತಜ್ಞನನ್ನು ಕಳಿಸಿ ಪರೀಕ್ಷಿಸಿಕೊಳ್ಳಲಿ ಎಂಬ ಆಹ್ವಾನ ಹೈದರಾಬಾದಿನಿಂದ ಹೋಯಿತು. ವೆಚ್ಚಕ್ಕೆಂದು ನಿಜಾಮರು ಸಾವಿರ ಪೌಂಡು ಕೊಟ್ಟರು. ಎದುರಾಳಿಯನ್ನು ತನ್ನ ಖರ್ಚಿನಲ್ಲೇ ಕರೆಸಿ ನ್ಯಾಯ ಕೇಳುವ ಈ ರೀತಿ ವಿಜ್ಞಾನದ ಚರಿತ್ರೆಯಲ್ಲಿ ವಿರಳ. ಬಂದವರು ಔಷಧಗಳ ಗುಣಧರ್ಮದಲ್ಲಿ ಆ ಕಾಲದ ಶ್ರೇಷ್ಠ ವಿದ್ವಾಂಸರಲ್ಲೊಬ್ಬರಾದ ಲಾಡರ್ ಬ್ರಂಟನ್. ಕ್ಲೋರೋಫಾರಂನಿಂದ ಹೃದಯವೇ ನೇರವಾಗಿ ನಿಲ್ಲಬಹುದೆಂಬ ಅಭಿಪ್ರಾಯವಿಟ್ಟುಕೊಂಡೇ ಅವರು ಬಂದಿಳಿದರು.

1889ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎರಡನೆಯ ಆಯೋಗ ಕೆಲಸ ಮಾಡಿತು. ಲೌರಿ ಅಧ್ಯಕ್ಷರು, ಬ್ರಂಟನ್, ಬಾಮ್‌ಫರ್ಡ್, ರುಸ್ತುಂಜಿ ಹಕೀಂ ಸದಸ್ಯರು. ರಕ್ತದ ಒತ್ತಡದ ಏರಿಳಿತವನ್ನು ಮಸಿ ಬಳಿದ ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನು ಈ ಸಲ ಅಳವಡಿಸಿದ್ದರು. ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲ ಎಲ್ಲ ಸೇರಿ ನಾನೂರಕ್ಕೂ ಮಿಕ್ಕಿ ಪ್ರಾಣಿಗಳು ಆ ಪ್ರಯೋಗಗಳಿಗೆ ಬಲಿಯಾದವು. ಇಂದಿನ ಮನಸ್ಸಿಗೆ ಇದು ಸಹ್ಯವಲ್ಲ. ಮನುಷ್ಯನ ನೋವನ್ನು ನೀಗುವ ವಿದ್ಯೆಗೆ ಮೂಕಜೀವಿಗಳು ತೆತ್ತ ಬೆಲೆಯೆಂದು ಅದನ್ನು ನೆನೆದು ಮುಂದೆ ಹೋಗಬೇಕಷ್ಟೆ.

ನಮ್ಮ ವಿಷಯಕ್ಕೆ ಮುಖ್ಯವಾದ ಪ್ರಯೋಗಗಳು ಇಲ್ಲಿ ಬರುತ್ತವೆ. ಹಲ್ಲು ಕೀಳುವಾಗ, ಕಣ್ಣಿನ ಚಿಕಿತ್ಸೆಯಲ್ಲಿ ರೋಗಿ ಹಠಾತ್ತನೆ ಸಾಯುವುದೇಕೆ? ನೋವಿನ ಆಘಾತ ನರಗಳ ಮೂಲಕ ಹೃದಯವನ್ನು ತಡೆಯುವುದೇ ಕಾರಣವೆಂದು ಹಲವರು ಊಹಿಸಿದ್ದರು. ಅದನ್ನು ಪರೀಕ್ಷಿಸಲು ಆಯೋಗ ಅರೆಮರೆವಿನಲ್ಲಿದ್ದ ಪ್ರಾಣಿಗಳ ಹಲ್ಲುಗಳನ್ನು ಕಿತ್ತಿತು, ಉಗುರುಗಳನ್ನು ಕಿತ್ತಿತು, ಕಣ್ಣಿನ ಸ್ನಾಯುಗಳನ್ನು ಕತ್ತರಿಸಿತು. ಯಂತ್ರದ ಗೆರೆ ಒಮ್ಮೆಯೂ ಮೂರ್ಛೆಯನ್ನು ತೋರಿಸಲಿಲ್ಲ, ಹೃದಯ ನಿಲ್ಲಲಿಲ್ಲ. ಆಮೇಲೆ ವೇಗಸ್ ನರವನ್ನೇ ಕೆರಳಿಸಿದರು. ಹೃದಯ ನಿಧಾನಿಸಿತು, ನಿಂತಿತು, ಮತ್ತೆ ತಾನಾಗಿಯೇ ಹೊಡೆಯತೊಡಗಿತು. ಇದನ್ನು ನೋಡಿ ಆಯೋಗ ಒಂದು ಸೊಗಸಾದ ತೀರ್ಮಾನಕ್ಕೆ ಬಂತು: ವೇಗಸ್ ನರ ಹೃದಯವನ್ನು ತಡೆಯುವುದು ಅಪಾಯವಲ್ಲ, ಕಾವಲು. ಹೃದಯ ಮೆಲ್ಲಗಾದರೆ ವಿಷಭರಿತವಾದ ರಕ್ತ ಮೈಯಲ್ಲಿ ಹರಡುವುದೂ ಮೆಲ್ಲಗಾಗುತ್ತದೆ; ಅಷ್ಟರಲ್ಲಿ ವೈದ್ಯ ಎಚ್ಚತ್ತು ಕ್ಲೋರೋಫಾರಂ ತೆಗೆದರೆ ಪ್ರಾಣ ಉಳಿಯುತ್ತದೆ. ಎದುರಾಳಿಯಾಗಿ ಬಂದ ಬ್ರಂಟನ್ ಅವರೇ ಒಪ್ಪಿ, ಕ್ಲೋರೋಫಾರಂ ಕೊಲ್ಲುವುದು ಉಸಿರಿನ ದಾರಿಯಿಂದಲೇ ಎಂದು ಲಂಡನ್ನಿಗೆ ತಂತಿ ಕಳಿಸಿದರು. 1890ರಲ್ಲಿ ಲ್ಯಾನ್ಸೆಟ್ ಆ ವರದಿಯನ್ನು ಪ್ರಕಟಿಸಿತು. ಹೈದರಾಬಾದಿನ ಹೆಸರು ಪ್ರಪಂಚದ ವೈದ್ಯಶಾಲೆಗಳಲ್ಲೆಲ್ಲ ಮೊಳಗಿತು. ಲೌರಿಯವರ ಬಾಳಿನ ಮಧ್ಯಾಹ್ನ ಅದು.

ಮಧ್ಯಾಹ್ನದ ಬಳಿಕ ಇಳಿಹೊತ್ತು. 1893ರಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಇಬ್ಬರೂ ಜಾಣ್ಮೆಯ ಪ್ರಯೋಗವೊಂದನ್ನು ಹೂಡಿದರು. ಎರಡು ಪ್ರಾಣಿಗಳ ರಕ್ತನಾಳಗಳನ್ನು ಒಂದಕ್ಕೊಂದು ಕೂಡಿಸಿ, ಕ್ಲೋರೋಫಾರಂ ಬೆರೆತ ರಕ್ತ ಮಿದುಳಿಗೆ ಮಾತ್ರ ಅಥವಾ ಹೃದಯಕ್ಕೆ ಮಾತ್ರ ಹೋಗುವಂತೆ ಮಾಡಿದರು. ಮಿದುಳಿನ ನೆರವಿಲ್ಲದೆಯೇ ಕ್ಲೋರೋಫಾರಂ ಹೃದಯವನ್ನು ನೇರವಾಗಿ ಕುಗ್ಗಿಸುತ್ತದೆಂದು ಅದರಿಂದ ತಿಳಿದುಬಂತು. ಆಸ್ಪತ್ರೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಂಭವಿಸುತ್ತಿದ್ದ ಸಾವುಗಳೂ ನಿಲ್ಲಲಿಲ್ಲ. ಉಸಿರಾಡುತ್ತಿರುವಾಗಲೇ ನಾಡಿ ನಿಂತ ರೋಗಿಗಳನ್ನು ಕಣ್ಣಾರೆ ಕಂಡ ವೈದ್ಯರು ಹೈದರಾಬಾದಿನ ತೀರ್ಮಾನವನ್ನು ಹೇಗೆ ಒಪ್ಪಿಯಾರು? ಲೌರಿ ಬಗ್ಗಲಿಲ್ಲ. ರೋಗಿ ಸತ್ತನೆಂದರೆ ಕ್ಲೋರೋಫಾರಂ ಕೊಟ್ಟವನು ಉಸಿರನ್ನು ಸರಿಯಾಗಿ ಗಮನಿಸಲಿಲ್ಲವೆಂಬುದೇ ಅವರ ನಿಲುವು. ಈ ವಾದಕ್ಕೆ ಸೋಲೇ ಇಲ್ಲ. ಯಾವ ಸಾವು ಬಂದರೂ ಅದು ಶಿಷ್ಯನ ತಪ್ಪು, ಸೂತ್ರದ ತಪ್ಪಲ್ಲ. ಸೋಲೇ ಇಲ್ಲದ ವಾದ ವಿಜ್ಞಾನದಿಂದ ಜಾರಿ ಮತವಾಗುತ್ತದೆ. ಪ್ರಮಾಣಕ್ಕಾಗಿ ಎದುರಾಳಿಯನ್ನೇ ಮನೆಗೆ ಕರೆದ ಮನುಷ್ಯ, ಪ್ರಮಾಣ ತನಗೆ ವಿರುದ್ಧವಾಗಿ ಬಂದಾಗ ಬಾಗಿಲು ಮುಚ್ಚಿಕೊಂಡದ್ದು ಈ ಬಾಳಿನ ದುರಂತ. 1901ರಲ್ಲಿ ವಿದ್ಯಾರ್ಥಿಗಳಿಗಾಗಿ ಕ್ಲೋರೋಫಾರಂ ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿ, ಹೈದರಾಬಾದಿಗೆ ವಿದಾಯ ಹೇಳಿ ಅವರು ಸ್ವದೇಶಕ್ಕೆ ಮರಳಿದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಅಫ್ಜಲ್‌ಗಂಜ್ ಆಸ್ಪತ್ರೆಯನ್ನು ಕೊಚ್ಚಿಕೊಂಡು ಹೋಯಿತು.

ವಿಧಿವಿಲಾಸವೆನ್ನಬೇಕು, ಅದೇ 1908ರಲ್ಲಿ ವಿಯೆನ್ನಾದ ಬರ್ನ್‌ಹಾರ್ಡ್ ಆಶ್ನರ್ ಮತ್ತು ಇಟಲಿಯ ಡಾಗ್ನೀನಿ ಇಬ್ಬರೂ ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದರು. ಮನುಷ್ಯನ ಕಣ್ಣುಗುಡ್ಡೆಯನ್ನು ಒತ್ತಿದರೆ ನಾಡಿ ನಿಧಾನವಾಗುತ್ತದೆ. ಹೈದರಾಬಾದಿನ ಯಂತ್ರದ ಗೆರೆಯಲ್ಲಿ ಕಾಣದಿದ್ದ ಪ್ರತಿಕ್ರಿಯೆ ಇದೇ. 1911ರಲ್ಲಿ ಗುಡ್‌ಮನ್ ಲೆವಿ ಇನ್ನೊಂದು ಒಗಟನ್ನು ಬಿಡಿಸಿದರು. ಕ್ಲೋರೋಫಾರಂನ ಅಮಲು ತೆಳುವಾಗಿದ್ದಾಗ, ಭಯದಿಂದಲೋ ನೋವಿನಿಂದಲೋ ಮೈಯಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯದ ಕೆಳಗೂಡುಗಳು ತಾಳ ತಪ್ಪಿ ಸುಮ್ಮನೆ ನಡುಗುತ್ತವೆ; ರಕ್ತ ಮುಂದೆ ಹೋಗುವುದಿಲ್ಲ; ಕ್ಷಣಗಳಲ್ಲಿ ಸಾವು. ಹ್ಯಾನಾ ಗ್ರೀನರಳಂಥವರು ಸಣ್ಣ ಚಿಕಿತ್ಸೆಯ ಆರಂಭದಲ್ಲೇ ಏಕೆ ಸತ್ತಿರಬಹುದೆಂಬುದಕ್ಕೆ ಅರುವತ್ತು ವರ್ಷಗಳ ಮೇಲೆ ದಾರಿ ಕಂಡಿತು. ಉಸಿರೊಂದನ್ನೇ ಕಾದರೆ ಈ ಸಾವನ್ನು ತಡೆಯುವಂತಿರಲಿಲ್ಲ. 1915ರಲ್ಲಿ ಲೌರಿ ತೀರಿಕೊಂಡಾಗ ಅವರ ಸಿದ್ಧಾಂತ ಅವರಿಗಿಂತ ಮೊದಲೇ ತೀರಿಕೊಂಡಿತ್ತು.

ಹಾಗಾದರೆ ನಾನೂರು ಪ್ರಾಣಿಗಳಲ್ಲಿ ಆಯೋಗ ಕಂಡದ್ದು ಸುಳ್ಳೇ? ಸುಳ್ಳಲ್ಲ. ಅದು ಕಂಡದ್ದು ದಿಟ. ಕಂಡದ್ದಿಷ್ಟೇ ಇರುವುದೆಂದು ತಿಳಿದದ್ದು ತಪ್ಪು. ಸಾವಿರಾರು ಮಂದಿಗೊಬ್ಬರಂತೆ ಆಗುವ ಅವಘಡ ನಾನೂರು ಪ್ರಯೋಗಗಳಲ್ಲಿ ಕಾಣದಿರುವುದು ಸಹಜ. ಕಾಣಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ತರಗತಿಯಲ್ಲಿ ಪಾಠ ಹೇಳುವ ನಮಗೂ ಪಾಠ ಕೇಳುವ ವಿದ್ಯಾರ್ಥಿಗಳಿಗೂ ಲೌರಿಯವರ ಬಾಳು ಕಲಿಸುವ ಮೊದಲ ಪಾಠ ಇದೆಂದು ತೋರುತ್ತದೆ.

ಎರಡನೆಯ ಪಾಠ ಇನ್ನೂ ಸೂಕ್ಷ್ಮ. ಲೌರಿ ತಪ್ಪಿದ್ದು ಹೌದಾದರೂ ಪೂರಾ ತಪ್ಪಲಿಲ್ಲ. ವೇಗಸ್ ನರವನ್ನು ಅವರ ಆಯೋಗ ಕಾವಲುಗಾರನೆಂದದ್ದರಲ್ಲಿ ಹುರುಳಿದೆ. ನೀರಿನಲ್ಲಿ ಮುಳುಗುವ ಸೀಲಿನ ಹೃದಯ ಮುಖಕ್ಕೆ ತಣ್ಣೀರು ತಗುಲಿದೊಡನೆ ನಿಧಾನಿಸಿ, ಇರುವ ಪ್ರಾಣವಾಯುವನ್ನು ಜತನದಿಂದ ಖರ್ಚುಮಾಡುತ್ತದೆ. ಅದೂ ಇದೇ ಮುಖದ ನರದ ಕೆಲಸ. ಹೃದಯದ ಓಟ ಒಮ್ಮೆಲೇ ಮಿತಿಮೀರುವ ಕೆಲವು ರೋಗಿಗಳಿಗೆ ತಣ್ಣೀರಿನಲ್ಲಿ ಮುಖವದ್ದುವಂತೆ ವೈದ್ಯರು ಹೇಳುವುದೂ ಇದನ್ನು ನಂಬಿಯೇ. ಆದರೆ ಕಾವಲುಗಾರನು ಅತಿಯಾಗಿ ನಿಷ್ಠನಾದರೆ ಮನೆಯವರನ್ನೇ ಒಳಗೆ ಬಿಡದಿರಬಹುದು. ಕಣ್ಣಿನ ಸ್ನಾಯುವನ್ನೆಳೆದಾಗ, ಮುರಿದ ದವಡೆಯನ್ನು ಕೂಡಿಸುವಾಗ, ತಲೆಬುರುಡೆಯ ತಳದಲ್ಲಿ ಗೆಡ್ಡೆಯನ್ನು ಬಿಡಿಸುವಾಗ, ಅದೇ ನರ ಹೃದಯವನ್ನು ತಡೆದು ನಿಲ್ಲಿಸಿಬಿಡಬಹುದು. ಕಣ್ಣಿನಲ್ಲಿ, ದವಡೆಯಲ್ಲಿ, ಕಪಾಲದೊಳಗೆ ಬೇರೆಬೇರೆಯಾಗಿ ಕಂಡ ಈ ಪ್ರತಿಕ್ರಿಯೆಗಳೆಲ್ಲ ಒಂದೇ ಬಳ್ಳಿಯ ಕಾಯಿಗಳೆಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗಟ್ಟಿಯಾಯಿತು; ತ್ರಿಶಾಖಾ ನರ ಮತ್ತು ಹೃದಯ ಎರಡನ್ನೂ ಕೂಡಿಸಿದ ಹೆಸರೊಂದನ್ನು ಈಗ ಅದಕ್ಕೆ ಕೊಟ್ಟಿದ್ದಾರೆ.

ಲೌರಿಯವರ ಕೈ ಅವರ ವಾದಕ್ಕಿಂತ ಜಾಣವಾಗಿತ್ತೆಂಬುದೂ ಗಮನಿಸತಕ್ಕದ್ದು. ರೋಗಿ ಪೂರ್ತಿ ಮೈಮರೆಯುವ ಮೊದಲು ಕತ್ತಿ ಹಿಡಿಯಬಾರದೆಂಬ ಅವರ ನಿಯಮ, ತೆಳು ಅಮಲೇ ಕೊಲ್ಲುವುದೆಂದು ಲೆವಿ ತೋರಿಸುವ ಎಷ್ಟೋ ವರ್ಷ ಮೊದಲೇ, ಹಲವು ರೋಗಿಗಳನ್ನು ಕಾಪಾಡಿರಬೇಕು. ಕಾರಣ ತಪ್ಪಾಗಿದ್ದರೂ ಕ್ರಮ ಸರಿಯಾಗಿತ್ತು. ಉಸಿರನ್ನು ಕಣ್ಣೆವೆಯಿಕ್ಕದೆ ನೋಡಬೇಕೆಂಬ ಅವರ ಹಠ ಇಂದಿಗೂ ಅರಿವಳಿಕೆಯ ಶಾಸ್ತ್ರದಲ್ಲಿ ಮೊದಲ ಅಕ್ಷರ. ಅವರು ಬಿಟ್ಟದ್ದು ಎರಡನೆಯ ಅಕ್ಷರವನ್ನು.

ಕ್ಲೋರೋಫಾರಂ ಇಂದು ಶಸ್ತ್ರಕ್ರಿಯೆಯ ಕೊಠಡಿಯಲ್ಲಿಲ್ಲ. ಲೌರಿಯವರ ಶಾಲೆ ಉಸ್ಮಾನಿಯ ವೈದ್ಯಕೀಯ ಕಾಲೇಜಾಗಿ ಬೆಳೆದು ನಿಂತಿದೆ. ದಾರಿಯ ಈ ತುದಿಯಲ್ಲಿ, ಅಲ್ಲಾಳಸಂದ್ರದ ಆಚೀಚೆಯ ಆಸ್ಪತ್ರೆಗಳಲ್ಲಿ, ಮೆಳ್ಳಗಣ್ಣಿನ ಮಗುವಿನ ಪಕ್ಕದಲ್ಲಿ ಕುಳಿತ ವೈದ್ಯರ ಮುಂದಿನ ಯಂತ್ರದಲ್ಲಿ ಎರಡು ಗೆರೆಗಳು ಜೊತೆಜೊತೆಯಾಗಿ ಓಡುತ್ತವೆ. ಒಂದು ಉಸಿರಿನದು, ಇನ್ನೊಂದು ಹೃದಯದ್ದು. ಲಂಡನ್ನಿನ ಪಂಥ ಎಡಿನ್‌ಬರೋದ ಪಂಥ ಎರಡೂ ಜಗಳ ಮರೆತು ಅಲ್ಲಿ ಒಂದೇ ಗಾಜಿನ ಮೇಲೆ ಸಮಾಧಾನವಾಗಿವೆ. ಕೊಕ್ಕೆ ಸ್ನಾಯುವನ್ನೆಳೆಯುತ್ತದೆ, ಕೆಳಗಿನ ಗೆರೆ ಒಂದು ಕ್ಷಣ ತಡವರಿಸುತ್ತದೆ, ವೈದ್ಯರು ಕೈಯೆತ್ತಿ ತಡೆಯುತ್ತಾರೆ, ಗೆರೆ ಮತ್ತೆ ಏಳುತ್ತದೆ. ಹೊರಗೆ ಬೆಂಚಿನ ಮೇಲೆ ಕಾದಿರುವ ತಾಯಿಗೆ ಇದೊಂದೂ ತಿಳಿಯುವುದಿಲ್ಲ. ಆಕೆ ತಿಳಿಯಬೇಕಾದದ್ದೂ ಇಲ್ಲ. ಆ ಒಂದು ಕ್ಷಣವನ್ನು ಗುರುತಿಸುವ ವಿದ್ಯೆಗಾಗಿ ಒಬ್ಬ ಮನುಷ್ಯ ಸರಿಯಾಗಿಯೂ ತಪ್ಪಾಗಿಯೂ ತನ್ನ ಬಾಳನ್ನು ತೆತ್ತನೆಂಬುದನ್ನು ನಾವು ನೆನೆದರೆ ಸಾಕು.